ಕಿವಿಯ ಪಕ್ಕ ಕೂರುವವಳು

ಮಡಂತ್ಯಾರಿನಿಂದ ಬೆಳ್ತಂಗಡಿಯ ಕಡೆ ಎರಡು ಮೈಲಿ ನಡೆದು ಎಡಕ್ಕೆ ಇಳಿದರೆ ಕಂಚಿಲಬೈಲು. ಆ ಬೈಲಿನಲ್ಲಿ ಸೆರಪಿನ್ ಬಾಯಿ ಯಾರ ಮನೆಯ ಅಂಗಳಕ್ಕೆ ಕಾಲಿಟ್ಟರೂ ಮನೆಯವರು ಮೊದಲು ನೋಡುತ್ತಿದ್ದದ್ದು ಅವಳ ಮುಖವನ್ನಲ್ಲ, ತಮ್ಮ ಮನೆಯ ಮುದುಕರ ಮುಖವನ್ನು. ಮುದುಕರು ಗಟ್ಟಿಯಾಗಿ ಕೂತು ಎಲೆ ಅಡಿಕೆ ಜಗಿಯುತ್ತಿದ್ದರೆ ಮಾತ್ರ ಅವಳಿಗೆ ಒಂದು ಮಣೆ ಸಿಗುತ್ತಿತ್ತು. ಆ ಮಣೆಯನ್ನೂ ಆದಷ್ಟು ಹೊರಬಾಗಿಲ ಹತ್ತಿರವೇ ಇಡುತ್ತಿದ್ದರು.

ಅವಳೇನೂ ಮಾಟಗಾತಿಯಲ್ಲ. ಮಾಡುತ್ತಿದ್ದದ್ದು ಪುಣ್ಯದ ಕೆಲಸವೇ. ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಯಾರಿಗಾದರೂ ಕೊನೆಯ ಉಸಿರು ಹತ್ತಿತೆಂದರೆ ಒಬ್ಬರು ತಲೆಯ ಪಕ್ಕ ಕೂತು ಕಿವಿಯಲ್ಲಿ ‘ಜೆಜು, ಮರಿ, ಜುಜೆ’ ಎಂದು ಮೂರು ಹೆಸರು ಹೇಳುತ್ತಿರಬೇಕು. ಯೇಸು, ಮರಿಯಮ್ಮ, ಜೋಸೆಫ್. ಉಸಿರು ನಿಲ್ಲುವವರೆಗೂ ಆ ಹೆಸರು ನಿಲ್ಲಬಾರದು. ಪಾದ್ರಿಗಳು ಬಂದು ಎಣ್ಣೆ ಹಚ್ಚಿ ಹೋಗುತ್ತಾರೆ. ಅವರಿಗೆ ಇನ್ನೂ ನಾಲ್ಕು ಗುಡ್ಡ ಹತ್ತಿ ಇಳಿಯುವುದಿರುತ್ತದೆ. ಮನೆಯವರಿಗೆ ಅಳುವುದರಲ್ಲಿ ಬಾಯಿ ಬರುವುದಿಲ್ಲ. ಹಾಗಾಗಿ ಸ್ವರ ನಡುಗದ, ಮಂಡಿ ಗಟ್ಟಿ ಇರುವ, ಆ ಮನೆಗೆ ಸೇರದ ಒಬ್ಬರು ಬೇಕು. ಕಂಚಿಲಬೈಲಿಗೂ ಸುತ್ತಲಿನ ಮೂರು ಊರಿಗೂ ಆ ಒಬ್ಬರೆಂದರೆ ಸೆರಪಿನ್ ಬಾಯಿ.

ಅವಳು ಅದನ್ನು ಹಿಡಿದದ್ದಕ್ಕೆ ಕಾರಣವಿತ್ತು. ಅವಳ ಗಂಡ ಬಸ್ತ್ಯಾಂವ್ ಘಟ್ಟದ ಮೇಲೆ ಕಾಫಿ ತೋಟದ ಕೆಲಸಕ್ಕೆ ಹೋದವನು ಅಲ್ಲೇ ಮಲೇರಿಯಾದಲ್ಲಿ ಸತ್ತ. ಸತ್ತು ಹನ್ನೊಂದು ದಿನದ ಮೇಲೆ ಒಂದು ಕಾರ್ಡು ಬಂತು. ಮಣ್ಣು ಮಾಡಿದ್ದಾಗಿದೆ ಎಂದಷ್ಟೇ ಅದರಲ್ಲಿತ್ತು. ಪಕ್ಕದಲ್ಲಿ ಯಾರಿದ್ದರು, ನೀರು ಕೇಳಿದನೇ, ಕಿವಿಯಲ್ಲಿ ಯಾರಾದರೂ ಒಂದು ಹೆಸರು ಹೇಳಿದರೇ ಎಂಬುದನ್ನು ಬರೆದವನು ಬರೆಯಲಿಲ್ಲ. ಆಗ ಅವಳಿಗೆ ಇಪ್ಪತ್ತನಾಲ್ಕು ವರ್ಷ. ಮಕ್ಕಳಿರಲಿಲ್ಲ. ಸಣ್ಣವಳಿದ್ದಾಗ ಇಗರ್ಜಿಯಲ್ಲಿ ಕರುಣೆಯ ಹದಿನಾಲ್ಕು ಕೆಲಸಗಳನ್ನು ಬಾಯಿಪಾಠ ಮಾಡಿಸಿದ್ದರು. ಹಸಿದವರಿಗೆ ಉಣಿಸುವುದಕ್ಕೆ ಅವಳ ಮಡಕೆಯಲ್ಲೇ ಅಕ್ಕಿ ಇರಲಿಲ್ಲ. ಪರದೇಶಿಗಳಿಗೆ ಜಾಗ ಕೊಡುವುದಕ್ಕೆ ಇದ್ದದ್ದು ಒಂದೇ ಕೋಣೆ. ಕಾಯಿಲೆಯವರ ಪಕ್ಕ ಕೂರುವುದಕ್ಕೆ ಮಾತ್ರ ಏನೂ ಬೇಕಿರಲಿಲ್ಲ. ಅದನ್ನು ಮಾಡಿದಳು, ಹದಿನೇಳು ವರ್ಷ.

ಊರಿನವರು ಅವಳನ್ನು ಹೊಗಳುತ್ತಿದ್ದರು. ಬೇಕಾದಷ್ಟು ಹೊಗಳುತ್ತಿದ್ದರು. ಆದರೆ ಮದುವೆಯ ಮುಂಚಿನ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ‘ರೋಸ್’ ಶಾಸ್ತ್ರಕ್ಕೆ ಅವಳನ್ನು ಕರೆಯುತ್ತಿರಲಿಲ್ಲ. ಊಟವನ್ನು ಮನೆಗೇ ಕಳಿಸುತ್ತಿದ್ದರು, ಬಾಳೆಲೆಯಲ್ಲಿ ಚೆನ್ನಾಗಿ ಕಟ್ಟಿ, ಒಂದು ತುಂಡು ಹೆಚ್ಚೇ ಹಾಕಿ. “ಬಾಯಿಗೆ ದೂರ ನಡೆಯುವುದು ಬೇಡ ಅಂತ” ಎನ್ನುತ್ತಿದ್ದರು. ಸಾಯುವವರಿದ್ದಾಗ ಅದೇ ದೂರ ಅವರಿಗೆ ದೂರವೆನಿಸುತ್ತಿರಲಿಲ್ಲ.

ಐವತ್ತೇಳರಲ್ಲಿ ಇನಾಸ್ ಪೊರ್ಬುಗಳ ಮನೆಯಲ್ಲಿ ನಡೆದದ್ದಂತೂ ಊರಿಗೇ ಕತೆಯಾಯಿತು. ಪೊರ್ಬುಗಳೆಂದರೆ ನಾಲ್ಕು ಜೋಡಿ ಕೋಣ ಇದ್ದ ದೊಡ್ಡ ಕುಳ. ಭಾನುವಾರ ಪೂಜೆಗೆ ಬಂದಿರಲಿಲ್ಲ, ಹೊಟ್ಟೆನೋವು ಎಂದು ಯಾರೋ ಹೇಳಿದರು. ಸೆರಪಿನ್ ಬಾಯಿ ಓಮ, ಜೀರಿಗೆ ಹಾಕಿ ಕಷಾಯ ಕುದಿಸಿ, ತಂಬಿಗೆಯಲ್ಲಿ ತೆಗೆದುಕೊಂಡು ಮಧ್ಯಾಹ್ನದ ಬಿಸಿಲಲ್ಲಿ ಹೋದಳು. ಅಂಗಳದಲ್ಲಿ ಮೆಣಸು ಒಣಹಾಕುತ್ತಿದ್ದ ಸೊಸೆ ಅವಳನ್ನು ಕಂಡವಳೇ, ಪಾದ್ರಿಗಳೇ ಕಳಿಸಿದ್ದಾರೆ ಎಂದುಕೊಂಡು ಬೊಬ್ಬೆ ಹಾಕಿದಳು. ಒಬ್ಬ ಮಗ ಪವಿತ್ರ ಎಣ್ಣೆಗೆ ಇಗರ್ಜಿಗೆ ಓಡಿದ. ಇನ್ನೊಬ್ಬ ಅಕ್ಕನಿಗೆ ಸುದ್ದಿ ಕೊಡಲು ಮೂಡಬಿದ್ರೆಗೆ ಹೊರಟ. ಒಳಗೆ ಮಲಗಿದ್ದ ಪೊರ್ಬುಗಳು ಬಾಗಿಲಲ್ಲಿ ಸೆರಪಿನ್ ಬಾಯಿಯನ್ನು ನೋಡಿ, ತಮ್ಮ ಕತೆ ಮುಗಿಯಿತೆಂದು ತಿಳಿದು, ಎದೆ ಬಡಿದುಕೊಂಡು, ಪಕ್ಕದ ಗದ್ದೆಯ ಗಡಿಕಲ್ಲನ್ನು ತಾವೇ ಎರಡು ಮೊಳ ಸರಿಸಿದ್ದೆಂದು ಎಲ್ಲರೆದುರು ಒಪ್ಪಿಕೊಂಡುಬಿಟ್ಟರು. ಸಂಜೆಯ ಹೊತ್ತಿಗೆ ಹೊಟ್ಟೆನೋವು ಹೋಯಿತು. ಒಪ್ಪಿಕೊಂಡ ಮಾತು ಹೋಗಲಿಲ್ಲ. ಪಕ್ಕದ ಗದ್ದೆಯವನು ಮರುದಿನವೇ ಹಾರೆ ಹಿಡಿದು ಬಂದಿದ್ದ.

ಊರೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತು. ಸೆರಪಿನ್ ಬಾಯಿ ನಗಲಿಲ್ಲ. ಕಷಾಯವನ್ನು ಬಾಳೆಬುಡಕ್ಕೆ ಚೆಲ್ಲಿ ಬಂದು ಅವತ್ತು ಒಬ್ಬಳೇ ಕೂತು ಅತ್ತಳು. ಆಮೇಲೆ ಕರೆಯದೆ ಯಾರ ಮನೆಗೂ ಹೋಗುವುದನ್ನು ಬಿಟ್ಟಳು. ಒಂದು ಮನೆಯನ್ನು ಬಿಟ್ಟು.

ಆ ಮನೆ ಅಮ್ಮಣ್ಣಿಯದು. ಎರಡು ಅಂಗಳದ ನಡುವಿನ ಮೋಟುಗೋಡೆಯ, ಅಂದರೆ ಪಾಗಾರದ, ಆಚೆ ಬದಿಯ ಮನೆ. ಎರಡು ಮನೆಗೂ ಒಂದೇ ಬಾವಿ. ಅಮ್ಮಣ್ಣಿ ಅವಳಿಗಿಂತ ಹತ್ತು ವರ್ಷ ದೊಡ್ಡವಳು, ಅವಳ ಹಾಗೆಯೇ ಗಂಡ ಹೋದವಳು, ರುಕ್ಮಯ್ಯ ಎಂಬ ಒಬ್ಬ ಮಗ. ತುಳುವಿನಲ್ಲಿ ಬೈಯಲು ನಿಂತರೆ ಗುಡ್ಡದಾಚೆಯ ದನಗಳೂ ಮನೆಗೆ ಬರಬೇಕು, ಅಂಥ ನಾಲಿಗೆ. ದಿನಾ ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಅಮ್ಮಣ್ಣಿಯ ಚಾವಡಿಯಲ್ಲಿ ಗೆರಸೆಯನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಶನಿವಾರ ಒಟ್ಟಿಗೆ ನಡೆದು ಮಡಂತ್ಯಾರಿನಲ್ಲಿ ಹಸನಬ್ಬನ ಬೀಡಿ ಬ್ರಾಂಚಿಗೆ ಕೊಟ್ಟು ಬರುತ್ತಿದ್ದರು. ದಾರಿಯುದ್ದಕ್ಕೂ ಮಾತು.

“ನಿನ್ನನ್ನು ಕಂಡರೆ ಊರಿನವರಿಗೆಲ್ಲ ಹೆದರಿಕೆಯಂತೆ ಬಾಯಿ,” ಎಂದು ಅಮ್ಮಣ್ಣಿ ಒಂದು ದಿನ ಹೇಳಿದ್ದಳು. “ನಾನೂ ಹೆದರಿದರೆ ನನ್ನ ಒಟ್ಟಿಗೆ ಬೀಡಿ ಕಟ್ಟುವವರು ಯಾರು ಮಾರಾಯ್ತಿ? ನನಗೆ ಸಾಯ್ಲಿಕ್ಕೆ ಪುರುಸೊತ್ತಿಲ್ಲ. ನೀನು ಬಾ.”

ಈ ‘ನೀನು ಬಾ’ ಎಂಬ ಮಾತನ್ನು, ಯಾರೂ ಸಾಯದಿರುವಾಗ, ಅವಳಿಗೆ ಹೇಳುತ್ತಿದ್ದವಳು ಇಡೀ ಬೈಲಿನಲ್ಲಿ ಒಬ್ಬಳೇ.

ಅರವತ್ತೊಂದರಲ್ಲಿ ರುಕ್ಮಯ್ಯನಿಗೆ ಮದುವೆಯಾಯಿತು. ಮಾಣಿಯ ಕಡೆಯ ಹುಡುಗಿ, ಕಾಂತಿ. ತಾಯಿ ಇಲ್ಲದವಳು, ಹತ್ತೊಂಬತ್ತು ವರ್ಷ, ಗಟ್ಟಿಯಾಗಿ ಮಾತಾಡಿದರೆ ಕೈಯಲ್ಲಿದ್ದದ್ದನ್ನು ಬೀಳಿಸುವಷ್ಟು ಪುಕ್ಕಲು. ಅವಳು ಬಂದು ಆರು ತಿಂಗಳಿಗೆ ಅಮ್ಮಣ್ಣಿಗೆ ವಿಷಮಶೀತ ಜ್ವರ ಹಿಡಿಯಿತು.

ಸುದ್ದಿ ಕೇಳಿದ ಗಳಿಗೆಯಲ್ಲೇ ಸೆರಪಿನ್ ಬಾಯಿ ಕಟ್ಟುತ್ತಿದ್ದ ಬೀಡಿಯನ್ನು ಅಲ್ಲೇ ಬಿಟ್ಟು ಹೊರಟಳು. ಅಮ್ಮಣ್ಣಿಯ ಅಂಗಳಕ್ಕೆ ದಾಟಿ ಹೋಗುವ ತಡಮೆಯ ಹತ್ತಿರ ಕಾಂತಿ ಎದುರು ಬಂದು ನಿಂತಳು. ಎರಡೂ ಕೈ ಜೋಡಿಸಿಕೊಂಡಿದ್ದಳು.

“ಬಾಯಮ್ಮ, ನಿಮ್ಮ ಕಾಲಿಗೆ ಬೀಳ್ತೇನೆ, ಒಳಗೆ ಬರಬೇಡಿ.”

“ಯಾಕೆ ಮಗಾ? ನಾನು ನೋಡಿಕೊಳ್ಳಲಿಕ್ಕೆ ಬಂದದ್ದು.”

“ನೀವು ಬಂದ್ರಿ ಅಂದ್ರೆ ಅತ್ತೆಗೆ ಗೊತ್ತಾಗ್ತದಲ್ಲ, ಉಳಿಯುವುದಿಲ್ಲ ಅಂತ. ಪೊರ್ಬುಗಳ ಕತೆ ಎಲ್ಲರೂ ಹೇಳ್ತಾರೆ. ಅವರಿಗೆ ಮೈಯಲ್ಲಿ ಶಕ್ತಿ ಇತ್ತು, ತಡೆದುಕೊಂಡರು. ಅತ್ತೆಯ ಮೈಯಲ್ಲಿ ಏನೂ ಇಲ್ಲ ಬಾಯಮ್ಮ. ನನಗೆ ಇರುವುದು ಅವರೊಬ್ಬರು.”

ಇದು ದುಷ್ಟತನವಲ್ಲ ಎಂದು ಸೆರಪಿನ್ ಬಾಯಿಗೆ ಕಂಡಿತು. ದುಷ್ಟತನವಾಗಿದ್ದರೆ ಬದಿಗೆ ದೂಡಿ ಒಳಗೆ ಹೋಗುತ್ತಿದ್ದಳು. ಜೊತೆಗೆ ಅವಳ ಮನಸ್ಸಿನಲ್ಲೂ ಒಂದು ಹೆದರಿಕೆ ಹೊಕ್ಕಿತು. ಅಮ್ಮಣ್ಣಿ ಎಷ್ಟು ಧೈರ್ಯದವಳಾದರೂ ಜ್ವರದ ತಲೆಯಲ್ಲಿ ತನ್ನನ್ನು ಕಂಡು ಬೇರೆ ಏನಾದರೂ ತಿಳಿದುಕೊಂಡರೆ? ಅವಳು ತಡಮೆಯಿಂದಲೇ ತಿರುಗಿದಳು.

ಒಳಗೆ ಹೋಗಲಿಲ್ಲ ಅಷ್ಟೇ. ಕೆಲಸ ಬಿಡಲಿಲ್ಲ. ಬೆಳಗ್ಗೆ ಬಾವಿಯಿಂದ ನೀರು ಸೇದಿ ಆಚೆ ಮನೆಯ ಹೊರಗಿನ ಹಂಡೆಗೆ ತುಂಬಿಸಿ ಬಂದಳು. ಗಂಜಿಯ ತಿಳಿ ಬಸಿದು ಪಾಗಾರದ ಮೇಲಿಟ್ಟಳು. ಕಾಂತಿ ಮುದ್ದೆ ಮಾಡಿ ತಂದಿಡುತ್ತಿದ್ದ ಹೊಲಸು ಬಟ್ಟೆಗಳನ್ನು ತೋಡಿಗೆ ಒಯ್ದು ಒಗೆದಳು. ಬ್ರಾಂಚಿನಲ್ಲಿ ಅಮ್ಮಣ್ಣಿಯ ಹೆಸರು ತಪ್ಪಿಹೋಗದಿರಲಿ ಎಂದು ಅವಳ ಪಾಲಿನ ಬೀಡಿಯನ್ನೂ ತಾನೇ ಕಟ್ಟಿದಳು. ಸಂಜೆ ಜಪಮಾಲೆ ಹಿಡಿದು ತೇರ್ಸು ಹೇಳುವಾಗ, ಒಳಗಿನಿಂದ ಕೆಮ್ಮು ಕೇಳಿದರೆ ಜೀವ ಇದೆಯೆಂದು ಸಮಾಧಾನಪಟ್ಟಳು. ಇಪ್ಪತ್ತೈದು ದಿನ ಹೀಗೆಯೇ ಹೋಯಿತು.

ಇಪ್ಪತ್ತಾರನೆಯ ದಿನ ಅಮ್ಮಣ್ಣಿ ಗೋಡೆ ಹಿಡಿದುಕೊಂಡು ಚಾವಡಿಗೆ ಬಂದು ಕೂತಳು. ಕೂದಲೆಲ್ಲ ಉದುರಿತ್ತು, ಕೈಕಾಲು ಕಡ್ಡಿಯಾಗಿತ್ತು. ಸೆರಪಿನ್ ಬಾಯಿ ಸಂತೋಷ ತಡೆಯಲಾರದೆ ಪಾಗಾರದ ಹತ್ತಿರ ಓಡಿಬಂದಳು.

“ಅಮ್ಮಣ್ಣಿಯಕ್ಕ!”

“ಯಾರು ಅದು?” ಎಂದಳು ಅಮ್ಮಣ್ಣಿ. ಸ್ವರದಲ್ಲಿ ಶಕ್ತಿ ಇರಲಿಲ್ಲ, ಸಿಟ್ಟು ಇತ್ತು. “ಬಾಯಿಯಾ? ಈಗ ಪುರುಸೊತ್ತಾಯ್ತಾ?”

ಸೆರಪಿನ್ ಬಾಯಿ ಪಾಗಾರಕ್ಕೆ ಇನ್ನೂ ಹತ್ತಿರ ಬಂದಳು.

“ಊರಿನ ಪೊರ್ಬುಗಳ ಮನೆಗೆಲ್ಲ ಹೋಗ್ಲಿಕ್ಕೆ ನಿನಗೆ ಕಾಲು ಉಂಟು. ನನ್ನ ಬಾಗಿಲಿಗೆ ಬರ್ಲಿಕ್ಕೆ ಇಲ್ಲ. ಹಾಸಿಗೆಯಿಂದ ಬಾಗಿಲನ್ನೇ ನೋಡ್ತಾ ಇದ್ದೆ ನಾನು. ಕಾಂತಿಯನ್ನು ಮೂರು ಸಲ ಕಳಿಸಿದೆ. ಪುರುಸೊತ್ತಿಲ್ಲ ಅಂತ ಹೇಳಿದಿಯಂತೆ. ಹೌದಾ, ಅಲ್ವಾ? ಅಷ್ಟು ಹೇಳು.”

ಅಮ್ಮಣ್ಣಿಯ ಹಿಂದೆ ಬಾಗಿಲ ದಾರಂದ ಹಿಡಿದು ಕಾಂತಿ ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. ಒಂದು ಕೈ ಹೊಟ್ಟೆಯ ಮೇಲಿತ್ತು. ಮೂರು ತಿಂಗಳ ಬಸುರಿಯೆಂದು ಸೆರಪಿನ್ ಬಾಯಿಗೆ ಆ ಬಟ್ಟೆ ಒಗೆದ ದಿನಗಳಲ್ಲೇ ಗೊತ್ತಾಗಿತ್ತು. ಅಮ್ಮಣ್ಣಿಯ ಸಿಟ್ಟೂ ಗೊತ್ತಿತ್ತು. ಸುಳ್ಳು ಹೇಳಿದ ತಪ್ಪಿಗೆ ಸ್ವಂತ ನಾದಿನಿಯನ್ನು ಹದಿನೈದು ವರ್ಷ ಮನೆ ಮೆಟ್ಟಿಲು ಹತ್ತಿಸದವಳು ಅವಳು. ಸತ್ಯ ಹೊರಗೆ ಬಿದ್ದರೆ ಈ ಹುಡುಗಿ ನಾಳೆ ಬೆಳಗ್ಗೆ ಮಾಣಿಯ ಬಸ್ಸಿನಲ್ಲಿ. ಅಲ್ಲಿ ಅವಳನ್ನು ಇಳಿಸಿಕೊಳ್ಳುವ ತಾಯಿಯೂ ಇಲ್ಲ.

“ಹೌದು ಅಕ್ಕ,” ಎಂದಳು ಸೆರಪಿನ್ ಬಾಯಿ. “ಬರ್ಲಿಕ್ಕೆ ಆಗ್ಲಿಲ್ಲ.”

ಅಮ್ಮಣ್ಣಿ ಬೈಯುತ್ತಾಳೆಂದು ಕಾದಳು. ಬೈದಿದ್ದರೆ ಎರಡು ದಿನದಲ್ಲಿ ಸರಿಹೋಗುತ್ತಿತ್ತು. ಅಮ್ಮಣ್ಣಿ ಬೈಯಲಿಲ್ಲ. ಮುಖ ತಿರುಗಿಸಿ, “ಕಾಂತೀ, ನನ್ನನ್ನು ಒಳಗೆ ಕರಕೊಂಡು ಹೋಗು,” ಎಂದಳು.

ಅಲ್ಲಿಂದ ನಾಲ್ಕು ವರ್ಷ ಅವರಿಬ್ಬರು ಮಾತಾಡಲಿಲ್ಲ. ಅಮ್ಮಣ್ಣಿ ತನ್ನ ಗೆರಸೆಯನ್ನು ಹಿಂಬದಿಯ ಜಗಲಿಗೆ ಒಯ್ದಳು. ಬಾವಿಕಟ್ಟೆಯಲ್ಲಿ ಎದುರಾದರೆ ಕೊಡವನ್ನು ಬಲಸೊಂಟದಿಂದ ಎಡಸೊಂಟಕ್ಕೆ ಬದಲಿಸಿಕೊಂಡು ದಾಟಿಹೋಗುತ್ತಿದ್ದಳು. ಶನಿವಾರ ಒಬ್ಬಳು ಬೆಳಗ್ಗೆ ಬ್ರಾಂಚಿಗೆ ಹೋದರೆ ಇನ್ನೊಬ್ಬಳು ಮಧ್ಯಾಹ್ನ ಹೋದಳು. “ನಿಮಗೆ ಇಬ್ಬರಿಗೂ ಏನಾಗಿದೆ ಬಾಯಮ್ಮ?” ಎಂದು ಹಸನಬ್ಬ ಕೇಳಿದಾಗ, “ಏನಿಲ್ಲ, ಬಿಸಿಲು ಆಗುವುದಿಲ್ಲ,” ಎಂದಳು ಸೆರಪಿನ್ ಬಾಯಿ. ಅವಳು ಹೋಗುತ್ತಿದ್ದದ್ದು ನಡುಮಧ್ಯಾಹ್ನ.

ದೊಡ್ಡ ಹಬ್ಬಕ್ಕೆ ಮೊದಲು ಪಾಪನಿವೇದನೆಗೆ ಹೋದಳು. ಸುಳ್ಳು ಹೇಳಿದ್ದೇನೆ ಎಂದಳು. ಎಂಥ ಸುಳ್ಳು ಎಂದು ಪಾದ್ರಿಗಳು ಕೇಳಿದರು, ಹೇಳಿದಳು. ಒಬ್ಬರನ್ನು ಕಾಪಾಡಲು ಹೇಳಿದರೂ ಸುಳ್ಳು ಸುಳ್ಳೇ ಎಂದು ಅವರು ಬುದ್ಧಿ ಹೇಳಿ, “ಇನ್ನು ಮುಂದೆ ಹೇಳುವುದಿಲ್ಲವಷ್ಟೆ?” ಎಂದು ಕೇಳಿದರು.

“ಅವರು ಪುನಃ ಕೇಳಿದರೆ ಹೇಳಬೇಕಾಗ್ತದೆ ಪಾದ್ರಬಾ.”

ಜಾಲರಿಯ ಆಚೆಯಿಂದ ಪಾದ್ರಿಗಳು, “ಅವರು ಕೇಳದಿರಲಿ ಅಂತ ಪ್ರಾರ್ಥನೆ ಮಾಡುವ,” ಎಂದು ಮೂರು ‘ನಮೋ ಮರಿಯೆ’ ದಂಡನೆ ಕೊಟ್ಟು ಕಳಿಸಿದರು. ಮುಂದಿನ ವರ್ಷವೂ ಅದೇ ಪಾಪ, ಅದೇ ಮೂರು. ಅದರ ಮುಂದಿನ ವರ್ಷವೂ. ಅಮ್ಮಣ್ಣಿ ಕೇಳಲಿಲ್ಲ. ಆ ಪ್ರಾರ್ಥನೆ ಇಷ್ಟು ಚೆನ್ನಾಗಿ ಫಲಿಸಬೇಕಿರಲಿಲ್ಲ.

ಸೆರಪಿನ್ ಬಾಯಿಯನ್ನು ಸಂತಳೆಂದು ಯಾರೂ ತಿಳಿಯಬಾರದು. ಕೆಲವು ಸಂಜೆ ಪಾಗಾರದ ಹತ್ತಿರ ಹೋಗಿ ಎಲ್ಲವನ್ನೂ ಕೂಗಿ ಹೇಳಿಬಿಡಬೇಕೆಂದು ಅವಳಿಗೆ ಎದೆ ಉರಿಯುತ್ತಿತ್ತು. ಕಾಂತಿಗೆ ಗಂಡು ಮಗು ಹುಟ್ಟಿತು, ಅದು ಅಂಬೆಗಾಲಿಟ್ಟಿತು, ಅಮ್ಮಣ್ಣಿಯ ಸೊಂಟದ ಮೇಲೆ ಕೂತು ಹೂವು ಕೊಯ್ಯಿತು. ಅದನ್ನು ನೋಡಿದಾಗ ಸಿಟ್ಟು ಇಳಿಯುತ್ತಿತ್ತು. ಕಾಂತಿ ಆಗಾಗ ಬಸಳೆಯ ಕಟ್ಟನ್ನೋ ನಾಲ್ಕು ಮೊಟ್ಟೆಯನ್ನೋ ಪಾಗಾರದ ಮೇಲಿಟ್ಟು, ಕಣ್ಣಿಗೆ ಕಣ್ಣು ಕೊಡದೆ ಓಡುತ್ತಿದ್ದಳು. ಬಾಯಿ ಬಿಡುವ ಧೈರ್ಯ ಅವಳಿಗೆ ಬರಲಿಲ್ಲ. ಸೆರಪಿನ್ ಬಾಯಿ ಬಸಳೆಯನ್ನು ಬೇಯಿಸಿ ಒಬ್ಬಳೇ ತಿಂದಳು. ಸಾವಿನ ಮನೆಗಳಿಂದ ಕರೆ ಬರುತ್ತಲೇ ಇತ್ತು. ಆ ನಾಲ್ಕು ವರ್ಷ ಅವಳು ಯಾರದಾದರೂ ಪಕ್ಕದಲ್ಲಿ ಕೂತು ಮಾತಾಡಿದ್ದರೆ ಅದು ಸಾಯುತ್ತಿದ್ದವರ ಹತ್ತಿರ ಮಾತ್ರ, ಅದೂ ಮೂರೇ ಮೂರು ಹೆಸರು.

ಅರವತ್ತಾರರ ಫೆಬ್ರವರಿಯಲ್ಲಿ ಅಮ್ಮಣ್ಣಿಯ ಕಾಲು, ಹೊಟ್ಟೆ ಊದಿಕೊಂಡವು. ರುಕ್ಮಯ್ಯ ಬೆಳ್ತಂಗಡಿಗೆ ಕರೆದುಕೊಂಡು ಹೋದ. ಹೃದಯ ಸೋತಿದೆ, ಮನೆಯಲ್ಲೇ ಇರಲಿ ಎಂದು ಡಾಕ್ಟರು ಹಿಂದೆ ಕಳಿಸಿದರು. ಮೂರನೆಯ ದಿನ ಬೆಳಗ್ಗೆ ಹತ್ತು ಗಂಟೆಗೆ ಕಾಂತಿ ಪಾಗಾರ ಸುತ್ತಿ ಸೆರಪಿನ್ ಬಾಯಿಯ ಅಂಗಳಕ್ಕೇ ಬಂದಳು.

“ಬಾಯಮ್ಮ, ಅತ್ತೆ ಕರೀತಾರೆ.”

ಸೆರಪಿನ್ ಬಾಯಿಯ ತೊಡೆಯ ಮೇಲಿದ್ದ ಗೆರಸೆ ಮಗುಚಿ ಬಿತ್ತು. ಮೂವತ್ತು ನಲವತ್ತು ಮನೆಗಳಿಂದ ಇಂಥ ಕರೆ ಬಂದಿತ್ತು, ಒಮ್ಮೆಯೂ ಹೀಗೆ ಆಗಿರಲಿಲ್ಲ.

“ಅವರೇ ಕರೆದದ್ದಾ?”

“ಅವರೇ. ಬಾಯಿಯನ್ನು ಕರೆ ಅಂದ್ರು.” ಇಬ್ಬರೂ ಹೊರಟು ಅಮ್ಮಣ್ಣಿಯ ತಡಮೆಯ ಹತ್ತಿರ ಬಂದಾಗ ಕಾಂತಿ ನಿಂತುಬಿಟ್ಟಳು. “ನಾನು ಇವತ್ತು ಹೇಳಿಬಿಡ್ತೇನೆ ಬಾಯಮ್ಮ. ಎಲ್ಲ ನನ್ನಿಂದ ಆದದ್ದು ಅಂತ. ನನಗೆ ತಡೆದುಕೊಳ್ಳಲಿಕ್ಕೆ ಆಗುವುದಿಲ್ಲ.”

ಸೆರಪಿನ್ ಬಾಯಿ ಅವಳನ್ನು ನೋಡಿದಳು. ನಾಲ್ಕು ವರ್ಷ ಕಾದಿದ್ದ ಮಾತು ಅದು. ಈಗ ಅದು ಬಾಗಿಲವರೆಗೆ ಬಂದಿತ್ತು.

“ಬೇಡ ಮಗಾ,” ಎಂದಳು. “ಈಗ ಅವರು ನಿನ್ನ ಕೈಯ ನೀರು ಕುಡಿಯಬೇಕು. ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಕುಡಿಯಬೇಕು. ಬಾ, ಹೋಗುವ.”

ಅಮ್ಮಣ್ಣಿಯನ್ನು ಚಾವಡಿಯಲ್ಲೇ ಮಲಗಿಸಿದ್ದರು. ಉಸಿರು ಮೇಲುಮೇಲಕ್ಕೆ ಬರುತ್ತಿತ್ತು. ರುಕ್ಮಯ್ಯ ಕಾಲ ಬದಿಯಲ್ಲಿ ಕೂತಿದ್ದ. ಸೆರಪಿನ್ ಬಾಯಿ ತಲೆಯ ಪಕ್ಕ, ಯಾವಾಗಲೂ ಎಲ್ಲ ಮನೆಗಳಲ್ಲೂ ಕೂರುವ ಜಾಗದಲ್ಲಿ, ಕೂತಳು.

ಅಮ್ಮಣ್ಣಿ ಕಣ್ಣು ತೆರೆದಳು. “ಬಂದಿಯಾ? ನೀನು ಬಂದೆ ಅಂದ್ರೆ ನಾನು ಹೊರಟೆ ಅಂತಲೇ.”

“ಅಲ್ಲ ಅಕ್ಕ. ನೀವು ಕರೆದ್ರಿ, ಬಂದೆ.”

“ಅವತ್ತು ಯಾಕೆ ಬರ್ಲಿಲ್ಲ?”

ನೀರಿನ ಲೋಟ ಹಿಡಿದು ನಿಂತ ಕಾಂತಿ ಕಣ್ಣು ಮುಚ್ಚಿಕೊಂಡಳು.

“ಬರಬೇಕಿತ್ತು,” ಎಂದಳು ಸೆರಪಿನ್ ಬಾಯಿ. “ಯಾರು ಏನು ಹೇಳಿದರೂ ಬರಬೇಕಿತ್ತು. ನನ್ನದು ತಪ್ಪಾಯ್ತು ಅಕ್ಕ.” ಈ ಸಲ ಅದರಲ್ಲಿ ಸುಳ್ಳಿರಲಿಲ್ಲ.

ಅಮ್ಮಣ್ಣಿ ಸ್ವಲ್ಪ ಹೊತ್ತು ಉಸಿರಿಗಾಗಿ ಕಷ್ಟಪಟ್ಟಳು. ಕಾಂತಿ ಬಗ್ಗಿ ಎರಡು ಚಮಚ ನೀರು ಬಿಟ್ಟಳು, ಅವಳು ಕುಡಿದಳು. ಆಮೇಲೆ ಸೆರಪಿನ್ ಬಾಯಿಯ ಕಡೆ ಕಿವಿ ತಿರುಗಿಸಿ, “ಏನಾದ್ರೂ ಹೇಳು,” ಎಂದಳು.

ಸೆರಪಿನ್ ಬಾಯಿಯ ನಾಲಿಗೆಗೆ ಅಭ್ಯಾಸವಾಗಿದ್ದದ್ದು ಮೂರು ಹೆಸರು. ಅವು ತನ್ನ ಮನೆಯ ಹೆಸರು, ಈ ಮನೆಯವಲ್ಲ. ಇವರ ದೇವರ ಹೆಸರನ್ನು ಹೇಳಲು ಮಗ ಇದ್ದಾನೆ. ಅಮ್ಮಣ್ಣಿ ತನ್ನನ್ನು ಕರೆದದ್ದು ಅದಕ್ಕಲ್ಲ. ಹಾಗಾದರೆ ಯಾವುದಕ್ಕೆ ಎಂದು ಅವಳಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ತಿಳಿದಾಗ ಬಗ್ಗಿ, ಕಿವಿಯ ಹತ್ತಿರ ಬಾಯಿ ಇಟ್ಟು, ಅವತ್ತು ಪಾಗಾರದ ಹತ್ತಿರ ನಿಂತುಹೋದಲ್ಲಿಂದ ಹೇಳತೊಡಗಿದಳು.

“ನಿಮಗೆ ಜ್ವರ ಬಿಟ್ಟ ವಾರ ಅಕ್ಕ, ನನ್ನ ಕೆಂಪು ಹೇಂಟೆ ಹನ್ನೊಂದು ಮರಿ ಎಬ್ಬಿಸಿತು. ಒಂಬತ್ತನ್ನು ಗಿಡುಗ ತಗೊಂಡು ಹೋಯ್ತು. ಹಸನಬ್ಬ ಆ ವರ್ಷ ಬ್ರಾಂಚಿಗೆ ಹೊಸ ಮಾಡು ಹಾಕಿಸಿದ, ಹಂಚಿನದ್ದು. ಸೋರುವುದು ಮೊದಲಿಗಿಂತ ಜೋರು.”

ಅಮ್ಮಣ್ಣಿಯ ಬಾಯಿಯ ಒಂದು ಬದಿ ಸ್ವಲ್ಪ ಎದ್ದಿತು. “ಮತ್ತೆ?”

“ಮತ್ತೆ ಇನಾಸ್ ಪೊರ್ಬುಗಳು ಮಂಗಳೂರಿಗೆ ಹೋಗಿ ಹಲ್ಲು ಕಟ್ಟಿಸಿಕೊಂಡು ಬಂದ್ರು. ಮೇಲಿನದ್ದು ನಿಲ್ಲುವುದಿಲ್ಲ, ಪೂಜೆಯಲ್ಲಿ ಪದ ಹೇಳುವಾಗ ಕೈಯಲ್ಲಿ ಹಿಡಿದುಕೊಳ್ಳಬೇಕು. ನಾನು ನಿಮಗೆ ಹೇಳಬೇಕು ಅಂತ ಪಾಗಾರದವರೆಗೆ ಓಡಿ ಬಂದೆ. ಮತ್ತೆ ನೆನಪಾಯ್ತು.”

“ಮತ್ತೆ?”

ಅವಳು ಹೇಳಿದಳು. ಬಾವಿಯ ರಾಟೆ ಮುರಿದದ್ದು, ತೋಡಿನಲ್ಲಿ ತನ್ನ ಕಾಲು ಜಾರಿದ್ದು, ಒಬ್ಬಳೇ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡದ್ದು. ಅಮ್ಮಣ್ಣಿಯ ಮೊಮ್ಮಗ ಮೊದಲ ಹೆಜ್ಜೆ ಇಟ್ಟದ್ದನ್ನು ತಾನು ಬಾಳೆಯ ಮರೆಯಿಂದ ನೋಡಿದ್ದು. ತನಗೆ ಎಷ್ಟು ಬೇಸರವಾಗಿತ್ತು ಎಂದೂ ಹೇಳಿದಳು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ‘ಮತ್ತೆ’ ಎಂಬುದು ಇನ್ನೆರಡು ಸಲ ಬಂತು. ಆಮೇಲೆ ಬರಲಿಲ್ಲ.

ಉಸಿರು ನಿಂತದ್ದು ಅವಳಿಗೆ ತಿಳಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಇಡೀ ಸೀಮೆಯಲ್ಲಿ ಅದನ್ನು ಅವಳಷ್ಟು ಚೆನ್ನಾಗಿ ತಿಳಿದವರು ಇರಲಿಲ್ಲ. ಉಳಿದ ಮನೆಗಳಲ್ಲಿ ಅವಳು ಆ ಕ್ಷಣಕ್ಕೇ ಮಾತು ನಿಲ್ಲಿಸಿ, ಎರಡು ಬೆರಳಿನಿಂದ ರೆಪ್ಪೆ ಮುಚ್ಚಿ, ಎದ್ದು ಮನೆಯವರಿಗೆ ಜಾಗ ಬಿಡುತ್ತಿದ್ದಳು. ರುಕ್ಮಯ್ಯ ಮುಖಕ್ಕೆ ಕೈ ಹಚ್ಚಿಕೊಂಡು ಅಳತೊಡಗಿದ. ಕಾಂತಿ ಅತ್ತೆಯ ಕಣ್ಣು ಮುಚ್ಚಲು ಬಗ್ಗಿದವಳು ಸೆರಪಿನ್ ಬಾಯಿಯ ಮುಖ ನೋಡಿ, ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡು, ಅವಳ ಪಕ್ಕ ನೆಲದ ಮೇಲೆ ಕೂತಳು.

ಸೆರಪಿನ್ ಬಾಯಿ ಏಳಲಿಲ್ಲ. ಕಿವಿಯ ಹತ್ತಿರ ಬಗ್ಗಿದ್ದವಳು ಹಾಗೆಯೇ ಬಗ್ಗಿಕೊಂಡು ಹೇಳುತ್ತಾ ಹೋದಳು. ಅವಳು ಬಂದು ಮುಟ್ಟಿದ್ದು ಅರವತ್ನಾಲ್ಕರ ಬೇಸಗೆಗೆ. ಇನ್ನೂ ಎರಡು ವರ್ಷದ್ದು ಹೇಳಲಿಕ್ಕೆ ಇತ್ತು.